ಬಾವುಟ ಹಿಡಿದ ಹಳ್ಳಿ ಹುಡುಗಿ: ಜೋನ್ ಆಫ್ ಆರ್ಕ್

 

ಈ ಸಲದ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನಾನು ಒಬ್ಬ ಹುಡುಗಿಯ ಬಗ್ಗೆ ಬರೆಯುತ್ತಿದ್ದೇನೆ. ಅವಳ ಹೆಸರು ಜೋನ್ ಆಫ್ ಆರ್ಕ್. ಫ್ರಾನ್ಸ್ ದೇಶದವಳು. ಸುಮಾರು ಆರುನೂರು ವರ್ಷಗಳ ಹಿಂದೆ ಇದ್ದವಳು. ಅವಳು ಬದುಕಿದ್ದು ಬರೀ ಹತ್ತೊಂಬತ್ತು ವರ್ಷ. ಅದರಲ್ಲಿ ಸೈನ್ಯದ ಜೊತೆ ಇದ್ದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೂ ಅವಳ ಹೆಸರು ಪ್ರಪಂಚದಲ್ಲೆಲ್ಲಾ ಉಳಿದಿದೆ. ಹೇಗೆ ಉಳಿಯಿತು ಅನ್ನುವುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ನೂರು ವರ್ಷದ ಯುದ್ಧ

ಜೋನಳ ಕಥೆ ಅರ್ಥ ಆಗಬೇಕಾದರೆ ಮೊದಲು ಯುದ್ಧದ ಕಥೆ ಗೊತ್ತಿರಬೇಕು. ಇಂಗ್ಲೆಂಡಿಗೂ ಫ್ರಾನ್ಸಿಗೂ 1337ರಲ್ಲಿ ಶುರುವಾದ ಯುದ್ಧ 1453ರ ತನಕ ನಡೆಯಿತು. ಅಂದರೆ 116 ವರ್ಷ. ಹೆಸರು ಮಾತ್ರ ನೂರು ವರ್ಷದ ಯುದ್ಧ. ದಿನಾಲೂ ಯುದ್ಧ ಇರಲಿಲ್ಲ. ನಾಲ್ಕು ವರ್ಷ ಹೊಡೆದಾಡುವುದು, ಹತ್ತು ವರ್ಷ ಸುಮ್ಮನಿರುವುದು, ಮತ್ತೆ ಶುರು. ಅಜ್ಜನ ಕಾಲದ ಜಗಳ ಮೊಮ್ಮಗನ ಕಾಲಕ್ಕೂ ಮುಗಿಯಲಿಲ್ಲ.

ಜಗಳಕ್ಕೆ ಕಾರಣ ಏನೆಂದರೆ, 1328ರಲ್ಲಿ ಫ್ರಾನ್ಸಿನ ರಾಜ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡನ ತಾಯಿ ಫ್ರಾನ್ಸಿನ ರಾಜಕುಮಾರಿ. ಆದ್ದರಿಂದ ಆ ಸಿಂಹಾಸನ ತನಗೆ ಸೇರಬೇಕು ಅಂತ ಅವನು ಹೇಳಿದ. ಫ್ರಾನ್ಸಿನವರು ಹೆಣ್ಣಿನ ಕಡೆಯಿಂದ ರಾಜ್ಯದ ಹಕ್ಕು ಬರುವುದಿಲ್ಲ ಅಂದರು. ಫ್ರಾನ್ಸಿನೊಳಗೆ ಇಂಗ್ಲೆಂಡಿನ ರಾಜನಿಗೆ ಸೇರಿದ ಭೂಮಿಯ ಜಗಳವೂ ಇದರ ಜೊತೆ ಸೇರಿಕೊಂಡಿತು. ನನಗೆ ಇದನ್ನು ಓದುವಾಗ ನಗು ಬಂತು. ಹೆಣ್ಣಿನ ಕಡೆಯಿಂದ ಹಕ್ಕಿಲ್ಲ ಅಂದ ಅದೇ ಫ್ರಾನ್ಸನ್ನು ನೂರು ವರ್ಷ ಆದ ಮೇಲೆ ಎತ್ತಿ ನಿಲ್ಲಿಸಿದ್ದು ಒಬ್ಬಳು ಹುಡುಗಿ.

ಆ ಕಾಲದ ಸೈನಿಕರು

ಆಗಿನ ಸೈನ್ಯದಲ್ಲಿ ದೊಡ್ಡ ಮನೆತನದವರು ಕುದುರೆ ಮೇಲೆ ಇರುತ್ತಿದ್ದರು. ತಲೆಯಿಂದ ಪಾದದವರೆಗೆ ಉಕ್ಕಿನ ಕವಚ. ಅದರ ತೂಕ 20ರಿಂದ 25 ಕಿಲೋ. ಬಡವರ ಮಕ್ಕಳು ನಡೆದುಕೊಂಡು ಹೋಗುವ ಕಾಲಾಳುಗಳು, ಬಿಲ್ಲುಗಾರರು. ಇಂಗ್ಲೆಂಡಿನವರ ದೊಡ್ಡ ಬಲ ಅಂದರೆ ಈ ಬಿಲ್ಲುಗಾರರೇ. ಅವರ ಬಿಲ್ಲು ಆಳೆತ್ತರ ಇರುತ್ತಿತ್ತು. ಚೆನ್ನಾಗಿ ಕಲಿತವನು ಒಂದು ನಿಮಿಷಕ್ಕೆ ಹತ್ತು ಬಾಣ ಬಿಡುತ್ತಿದ್ದ. ಅಂಥ ಬಿಲ್ಲನ್ನು ಎಳೆಯಲು ಚಿಕ್ಕಂದಿನಿಂದಲೇ ಅಭ್ಯಾಸ ಮಾಡಬೇಕಿತ್ತು. 1415ರಲ್ಲಿ ಒಬ್ಬ ಬಿಲ್ಲುಗಾರನಿಗೆ ದಿನಕ್ಕೆ 6 ಪೆನ್ಸ್ ಸಂಬಳ. ಕವಚ ತೊಟ್ಟ ಯೋಧನಿಗೆ ಅದರ ಎರಡರಷ್ಟು, 12 ಪೆನ್ಸ್.

1346ರಲ್ಲಿ ಕ್ರೆಸಿ ಎಂಬಲ್ಲಿ, 1356ರಲ್ಲಿ ಪ್ವಾತಿಯೇ ಎಂಬಲ್ಲಿ ಫ್ರಾನ್ಸಿನವರು ಸೋತರು. 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟ್ ಎಂಬಲ್ಲಿ ಮತ್ತೆ ಸೋತರು. ಅಲ್ಲಿ ಇಂಗ್ಲೆಂಡಿನ ಐದನೇ ಹೆನ್ರಿಯ ಸೈನ್ಯದಲ್ಲಿ ಬಹುಪಾಲು ಬಿಲ್ಲುಗಾರರೇ ಇದ್ದರು. ಅವರು ಮುಂದೆ ಚೂಪಾದ ಗೂಟಗಳನ್ನು ನೆಟ್ಟು ಹಿಂದೆ ನಿಂತರು. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಉತ್ತ ಹೊಲ ಕೆಸರಾಗಿತ್ತು. ಮಳೆಗಾಲದಲ್ಲಿ ಉತ್ತ ಹೊಲದಲ್ಲಿ ನಡೆದರೆ ಕಾಲು ಎಷ್ಟು ಹೂತುಕೊಳ್ಳುತ್ತೆ ಅಂತ ನಮಗೆ ಗೊತ್ತೇ ಇದೆ. ಇಪ್ಪತ್ತೈದು ಕಿಲೋ ಉಕ್ಕು ಹೊತ್ತವನ ಗತಿ ಏನು? ಕೆಳಗೆ ಬಿದ್ದವರು ಏಳಲು ಆಗಲಿಲ್ಲ. ಫ್ರಾನ್ಸಿನ ಸಾವಿರಾರು ಜನ ಒಂದೇ ದಿನ ಸತ್ತರು.

ಇನ್ನೊಂದು ವಿಷಯ ಹೇಳಲೇಬೇಕು. ಆ ಯುದ್ಧದಲ್ಲಿ ದೊಡ್ಡವರು ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಕೊಲ್ಲುತ್ತಿರಲಿಲ್ಲ. ಸೆರೆ ಹಿಡಿದು ದುಡ್ಡು ಕೇಳುತ್ತಿದ್ದರು. ಮನೆಯವರು ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಪ್ವಾತಿಯೇಯಲ್ಲಿ ಫ್ರಾನ್ಸಿನ ರಾಜನೇ ಸಿಕ್ಕಿಬಿದ್ದ. ಅವನಿಗೆ ಗೊತ್ತಾದ ಬೆಲೆ 30 ಲಕ್ಷ ಚಿನ್ನದ ನಾಣ್ಯ. ಬಡ ಸೈನಿಕ ಸಿಕ್ಕರೆ ಅವನಿಗೆ ಬೆಲೆ ಇಲ್ಲ, ಆದ್ದರಿಂದ ಜೀವಕ್ಕೂ ಬೆಲೆ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಬಳ ಸರಿಯಾಗಿ ಬರದಿದ್ದಾಗ ಸೈನಿಕರು ಹಳ್ಳಿಗಳಿಗೆ ನುಗ್ಗುತ್ತಿದ್ದರು. ದನ ಹೊಡೆದುಕೊಂಡು ಹೋಗುವುದು, ಕಣದ ಕಾಳು ತುಂಬಿಕೊಳ್ಳುವುದು, ಮನೆಗೆ ಬೆಂಕಿ ಇಡುವುದು. ಯಾವ ರಾಜ ಗೆದ್ದರೂ ಸೋತರೂ ಕಷ್ಟ ಮಾತ್ರ ರೈತರಿಗೆ. ಜೋನ್ ಹುಟ್ಟಿದ್ದು ಅಂಥ ಒಂದು ಹಳ್ಳಿಯಲ್ಲಿ.

ಹುಟ್ಟೂರು ಮತ್ತು ಬಾಲ್ಯ

ಜೋನ್ ಹುಟ್ಟಿದ್ದು ಸುಮಾರು 1412ರಲ್ಲಿ. ಊರು ದೊಮ್ರೆಮಿ. ಅದು ಫ್ರಾನ್ಸಿನ ಪೂರ್ವ ಭಾಗದಲ್ಲಿ ಮ್ಯೂಸ್ ನದಿ ದಂಡೆಯಲ್ಲಿದೆ. ತಂದೆ ಝಾಕ್, ತಾಯಿ ಇಸಬೆಲ್. ತಂದೆಗೆ ಹೊಲ, ದನಕರು ಇದ್ದವು. ಊರಿನ ಕಂದಾಯ ವಸೂಲಿಯಂಥ ಕೆಲಸವನ್ನೂ ನೋಡುತ್ತಿದ್ದರು. ಜೋನಳಿಗೆ ಮೂವರು ಗಂಡು ಒಡಹುಟ್ಟಿದವರು, ಒಬ್ಬಳು ಸೋದರಿ. ಅವಳು ಶಾಲೆಗೆ ಹೋಗಲಿಲ್ಲ. ಓದು ಬರಹ ಬರುತ್ತಿರಲಿಲ್ಲ. ಪ್ರಾರ್ಥನೆಗಳನ್ನು ತಾಯಿಯಿಂದ ಕೇಳಿ ಬಾಯಿಪಾಠ ಮಾಡಿದ್ದಳು. ಚಿತ್ರಗಳಲ್ಲಿ ಅವಳನ್ನು ಕುರಿ ಕಾಯುವವಳ ಹಾಗೆ ಬರೆಯುತ್ತಾರೆ. ಆದರೆ ಅವಳು ಹೆಚ್ಚಾಗಿ ಮಾಡಿದ್ದು ಮನೆ ಕೆಲಸ. ನೂಲುವುದರಲ್ಲಿ, ಹೊಲಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಅಂತ ಅವಳಿಗೆ ಹೆಮ್ಮೆ ಇತ್ತು.

ಅವಳ ಗೆಳತಿಯ ಹೆಸರು ಓವಿಯೆಟ್. ಇಬ್ಬರೂ ಒಬ್ಬರ ಮನೆಯಲ್ಲಿ ಒಬ್ಬರು ಮಲಗುವಷ್ಟು ಸ್ನೇಹಿತರು. ಜೋನ್ ಬಹಳ ಸಲ ಚರ್ಚಿಗೆ ಹೋಗುತ್ತಿದ್ದಳು. ಜನ ಅದನ್ನು ಆಡಿಕೊಂಡರೆ ನಾಚಿಕೊಳ್ಳುತ್ತಿದ್ದಳು. ಊರ ಚರ್ಚಿನ ಗಂಟೆ ಹೊಡೆಯುವವನು ಮರೆತರೆ ಅವನನ್ನು ಗದರಿಸುತ್ತಿದ್ದಳು, ತಪ್ಪದೆ ಹೊಡೆದರೆ ಏನಾದರೂ ಕೊಡುತ್ತೇನೆ ಅಂತ ಆಸೆಯನ್ನೂ ತೋರಿಸುತ್ತಿದ್ದಳು!

ಅವಳು ಚಿಕ್ಕವಳಿದ್ದಾಗ ಫ್ರಾನ್ಸಿನ ಸ್ಥಿತಿ ಬಹಳ ಕೆಟ್ಟಿತ್ತು. ರಾಜ ಆರನೇ ಚಾರ್ಲ್ಸನಿಗೆ ಬುದ್ಧಿಭ್ರಮಣೆ. ಬರ್ಗಂಡಿ ಎಂಬ ಸೀಮೆಯ ದೊರೆ ಇಂಗ್ಲೆಂಡಿನ ಕಡೆ ಸೇರಿಕೊಂಡಿದ್ದ. ಯಾಕಂದ್ರೆ 1419ರಲ್ಲಿ ಅವನ ತಂದೆಯನ್ನು ಯುವರಾಜನ ಕಡೆಯವರು ಕೊಂದಿದ್ದರು. 1420ರಲ್ಲಿ ಒಂದು ಒಪ್ಪಂದ ಆಯಿತು. ಅದರ ಪ್ರಕಾರ ಫ್ರಾನ್ಸಿನ ಸಿಂಹಾಸನ ಸ್ವಂತ ಮಗನಿಗೆ ಇಲ್ಲ, ಅಳಿಯನಾದ ಇಂಗ್ಲೆಂಡಿನ ಹೆನ್ರಿಗೆ. 1422ರಲ್ಲಿ ಹೆನ್ರಿಯೂ ಸತ್ತ, ಎರಡೇ ತಿಂಗಳಲ್ಲಿ ಆರನೇ ಚಾರ್ಲ್ಸನೂ ಸತ್ತ. ಆಗ ಎರಡೂ ದೇಶಕ್ಕೆ ರಾಜ ಅಂತ ಹೇಳಿದ್ದು ಹೆನ್ರಿಯ ಮಗನನ್ನು. ಅವನು ಇನ್ನೂ ಒಂದು ವರ್ಷ ತುಂಬದ ಕೂಸು! ಪ್ಯಾರಿಸ್ ನಗರ ಶತ್ರುಗಳ ಕೈಯಲ್ಲಿತ್ತು. ಫ್ರಾನ್ಸಿನ ಯುವರಾಜ ಚಾರ್ಲ್ಸ್ ಪಟ್ಟಾಭಿಷೇಕ ಇಲ್ಲದೆ ದಕ್ಷಿಣದ ಕೋಟೆಗಳಲ್ಲಿ ಕಾಲ ಕಳೆಯುತ್ತಿದ್ದ.

ಹದಿಮೂರನೇ ವರ್ಷ

ಜೋನಳಿಗೆ ಹದಿಮೂರು ವರ್ಷ ಆಗಿದ್ದಾಗ, ಒಂದು ಬೇಸಿಗೆಯ ಮಧ್ಯಾಹ್ನ, ತಂದೆಯ ತೋಟದಲ್ಲಿ ಅವಳಿಗೆ ಒಂದು ಧ್ವನಿ ಕೇಳಿಸಿತಂತೆ. ಮೊದಲು ತುಂಬಾ ಹೆದರಿದಳು. ಆಮೇಲೆ ಅದು ದೇವದೂತ ಮೈಕೇಲ್, ಸಂತರಾದ ಕ್ಯಾಥರೀನ್ ಮತ್ತು ಮಾರ್ಗರೆಟ್ ಇವರ ಧ್ವನಿ ಅಂತ ನಂಬಿದಳು. ಮೊದಮೊದಲು ಒಳ್ಳೆಯ ಹುಡುಗಿಯಾಗಿರು ಅನ್ನುವಷ್ಟೇ ಆ ಧ್ವನಿ ಹೇಳುತ್ತಿತ್ತು. ಬರಬರುತ್ತಾ ಯುವರಾಜನ ಹತ್ತಿರ ಹೋಗಿ ಅವನಿಗೆ ಪಟ್ಟ ಕಟ್ಟಿಸಬೇಕು ಅಂತ ಹೇಳತೊಡಗಿತು. ಆ ಧ್ವನಿ ಏನು ಅನ್ನುವುದರ ಬಗ್ಗೆ ತಿಳಿದವರಲ್ಲಿ ಇವತ್ತಿಗೂ ಬೇರೆ ಬೇರೆ ಅಭಿಪ್ರಾಯ ಇದೆ. ಅವಳು ಅದನ್ನು ಪೂರ್ತಿ ನಂಬಿದ್ದಳು ಅನ್ನುವುದು ಮಾತ್ರ ಸತ್ಯ.

ಅವಳ ತಂದೆಗೆ ಮಗಳು ಸೈನಿಕರ ಜೊತೆ ಹೊರಟು ಹೋದ ಹಾಗೆ ಕನಸು ಬಿತ್ತಂತೆ. ಹಾಗೇನಾದರೂ ಆದರೆ ಅವಳನ್ನು ನೀರಿಗೆ ಮುಳುಗಿಸಿಬಿಡಿ ಅಂತ ಗಂಡುಮಕ್ಕಳಿಗೆ ಹೇಳಿದ್ದರಂತೆ. ಆ ಕಾಲದಲ್ಲಿ ಹುಡುಗಿ ಸೈನಿಕರ ಹಿಂದೆ ಹೋದಳು ಅಂದರೆ ಮನೆ ಮಾನ ಹೋಯಿತು ಅಂತಲೇ ಅರ್ಥ. ಅವಳಿಗೆ ಮದುವೆ ಮಾಡಲೂ ನೋಡಿದರು. ಮಾತು ಕೊಟ್ಟು ತಪ್ಪಿದಳು ಅಂತ ಒಬ್ಬ ಹುಡುಗ ನ್ಯಾಯಾಲಯಕ್ಕೂ ಹೋದ. ತಾನು ಮಾತೇ ಕೊಟ್ಟಿಲ್ಲ ಅಂತ ಹೇಳಿ ಜೋನ್ ಗೆದ್ದಳು.

ನನಗೂ ಈಗ ಹದಿಮೂರು ವರ್ಷ. ಅರಳಿಕಟ್ಟೆಯಲ್ಲಿ ನಾಲ್ಕು ಜನ ದೊಡ್ಡವರು ಕೂತಿದ್ದರೆ ಅವರ ಮುಂದೆ ಹಾದು ಹೋಗೋಕೇ ನಾನು ತಲೆ ತಗ್ಗಿಸುತ್ತೇನೆ. ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ!

ಯುವರಾಜನ ಬಳಿಗೆ

1428ರ ಮೇ ತಿಂಗಳಲ್ಲಿ ಜೋನ್ ಹತ್ತಿರದ ವೊಕುಲೂರ್ ಎಂಬ ಊರಿಗೆ ಹೋದಳು. ಕರೆದುಕೊಂಡು ಹೋದವರು ಲಾಸ್ವಾ ಎಂಬ ನೆಂಟರು, ಅವಳು ಅವರನ್ನು ಮಾವ ಅನ್ನುತ್ತಿದ್ದಳು. ಅಲ್ಲಿ ಕೋಟೆಯ ಅಧಿಕಾರಿ ಬೋದ್ರಿಕೂರ್. ಜೋನಳ ಮಾತು ಕೇಳಿ ಅವನು ನಕ್ಕ. ಇವಳ ಕೆನ್ನೆಗೆ ಎರಡು ಬಿಗಿದು ಅಪ್ಪನ ಮನೆಗೆ ಬಿಟ್ಟು ಬಾ ಅಂತ ಆ ಮಾವನಿಗೆ ಹೇಳಿ ಕಳಿಸಿದ.

ಅದೇ ವರ್ಷ ಶತ್ರು ಸೈನ್ಯ ಬಂದಾಗ ದೊಮ್ರೆಮಿಯ ಜನ ದನಕರು ಹೊಡೆದುಕೊಂಡು ಪಕ್ಕದ ಪಟ್ಟಣಕ್ಕೆ ಓಡಿದರು. ಆ ಕಷ್ಟವನ್ನು ಜೋನ್ ಕಣ್ಣಾರೆ ಕಂಡಳು.

1429ರ ಜನವರಿಯಲ್ಲಿ ಅವಳು ಮತ್ತೆ ವೊಕುಲೂರಿಗೆ ಹೋದಳು. ಮತ್ತೆ ಇಲ್ಲ ಅಂದರು. ಅವಳು ಹಿಂದಿರುಗಲಿಲ್ಲ. ಒಬ್ಬರ ಮನೆಯಲ್ಲಿ ನೂಲುತ್ತಾ ಅಲ್ಲೇ ಕಾದಳು. ನಿಧಾನವಾಗಿ ಊರಿನ ಸಾಮಾನ್ಯ ಜನ ಅವಳನ್ನು ನಂಬಿದರು. ಅವರೇ ಅವಳಿಗೆ ಗಂಡಸರ ಉಡುಪು ಹೊಲಿಸಿ ಕೊಟ್ಟರು, ಕುದುರೆ ಕೊಳ್ಳಲು ನೆರವಾದರು. ಕೊನೆಗೆ ಅಧಿಕಾರಿಯೂ ಒಪ್ಪಿದ. ಫೆಬ್ರವರಿಯಲ್ಲಿ ಆರು ಜನ ಗಂಡಸರ ಜೊತೆ ಅವಳು ಹೊರಟಳು. ಕೂದಲು ಕತ್ತರಿಸಿಕೊಂಡಿದ್ದಳು. ಶತ್ರುಗಳ ನಾಡಿನಲ್ಲಿ ಹಾದು, ಹೆಚ್ಚಾಗಿ ರಾತ್ರಿ ಹೊತ್ತು ಪಯಣ ಮಾಡಿ, ಸುಮಾರು 500 ಕಿ.ಮೀ. ದೂರದ ಶಿನೋನ್ ಕೋಟೆಯನ್ನು 11 ದಿನದಲ್ಲಿ ಮುಟ್ಟಿದಳು.

ಹೊರಡುವ ಮುಂಚೆ ಅವಳು ಓವಿಯೆಟ್‌ಗೆ ಹೇಳಲಿಲ್ಲ. ಹೇಳಿದರೆ ಹೋಗಲು ಆಗುತ್ತಿರಲಿಲ್ಲವೇನೋ. ಗೆಳತಿ ಹೋದಳು ಅಂತ ಆಮೇಲೆ ಗೊತ್ತಾಗಿ ಓವಿಯೆಟ್ ಬಹಳ ಅತ್ತಳು. ಇದು ಕಟ್ಟುಕಥೆಯಲ್ಲ. ಎಷ್ಟೋ ವರ್ಷ ಆದ ಮೇಲೆ ಅವಳೇ ಇದನ್ನು ಸಾಕ್ಷಿಯಾಗಿ ಹೇಳಿದ್ದಾಳೆ.

ಯುವರಾಜ ಚಾರ್ಲ್ಸ್ ಅವಳನ್ನು ಒಂದೇ ದಿನಕ್ಕೆ ನಂಬಲಿಲ್ಲ. ಪ್ವಾತಿಯೇ ನಗರದಲ್ಲಿ ಧರ್ಮ ಪಂಡಿತರು ಸುಮಾರು ಮೂರು ವಾರ ಪ್ರಶ್ನೆ ಕೇಳಿದರು. ಅವಳಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ಅವರು ಹೇಳಿದ ಮೇಲೆ ಅವಳಿಗೆ ಕವಚ ಮಾಡಿಸಿದರು. ಬಿಳಿ ಬಾವುಟವನ್ನೂ ಮಾಡಿಸಿದರು. ಕತ್ತಿಗಿಂತ ಬಾವುಟ ತನಗೆ ನಲವತ್ತು ಪಾಲು ಇಷ್ಟ ಅಂತ ಅವಳು ಹೇಳುತ್ತಿದ್ದಳು. ಯಾರನ್ನೂ ಕೊಲ್ಲಬಾರದು ಅಂತಲೇ ಯುದ್ಧದಲ್ಲಿ ಬಾವುಟ ಹಿಡಿಯುತ್ತಿದ್ದಳು. ತಾನು ಒಬ್ಬರನ್ನೂ ಕೊಂದಿಲ್ಲ ಅಂತ ಮುಂದೆ ವಿಚಾರಣೆಯಲ್ಲಿ ಹೇಳಿದಳು.

ಓರ್ಲಿಯನ್ಸ್ ನಗರ

ಲ್ವಾರ್ ನದಿಯ ದಂಡೆಯಲ್ಲಿ ಓರ್ಲಿಯನ್ಸ್ ಎಂಬ ನಗರ ಇದೆ. 1428ರ ಅಕ್ಟೋಬರ್ 12ರಿಂದ ಇಂಗ್ಲೆಂಡಿನವರು ಅದಕ್ಕೆ ಮುತ್ತಿಗೆ ಹಾಕಿದ್ದರು. ನದಿ ಸೇತುವೆಯ ತುದಿಯಲ್ಲಿದ್ದ ತುರೆಲ್ ಎಂಬ ಕೋಟೆಯನ್ನೂ ಹಿಡಿದಿದ್ದರು. ಸುತ್ತಲೂ ಮಣ್ಣು ಮರದ ಚಿಕ್ಕ ಚಿಕ್ಕ ಕೋಟೆ ಕಟ್ಟಿ ಕೂತಿದ್ದರು. ಎರಡೂ ಕಡೆ ಫಿರಂಗಿ ಇದ್ದವು. ಇಂಗ್ಲೆಂಡಿನ ಸೇನಾಪತಿ ಫಿರಂಗಿ ಗುಂಡಿನ ಏಟಿಗೇ ಸತ್ತಿದ್ದ. ಊರೊಳಗಿನ ಜನ ಆಹಾರಕ್ಕೆ ಪರದಾಡುತ್ತಿದ್ದರು. ಓರ್ಲಿಯನ್ಸ್ ಬಿದ್ದರೆ ಫ್ರಾನ್ಸಿನ ದಕ್ಷಿಣಕ್ಕೆ ದಾರಿ ತೆರೆದ ಹಾಗೆ.

1429ರ ಏಪ್ರಿಲ್ 29ರಂದು ಜೋನ್ ಓರ್ಲಿಯನ್ಸ್‌ಗೆ ಬಂದಳು. ಅವಳ ಜೊತೆ ಬಂದ ಸೈನ್ಯ ಕಾಳು ಮತ್ತು ದನಗಳನ್ನು ತಂದಿತ್ತು. ದೋಣಿ ಹೋಗಬೇಕಾದ ಕಡೆಗೆ ಗಾಳಿ ಇರಲಿಲ್ಲ, ಅವಳು ಬಂದ ಮೇಲೆ ಗಾಳಿ ತಿರುಗಿತು ಅಂತ ನಗರದ ರಕ್ಷಣೆ ಮಾಡುತ್ತಿದ್ದ ದ್ಯುನ್ವಾ ಎಂಬ ನಾಯಕ ಮುಂದೆ ಹೇಳಿದ. ಸೈನಿಕರು ಕೆಟ್ಟ ಮಾತು ಬೈಯುವುದನ್ನು, ಲೂಟಿ ಮಾಡುವುದನ್ನು ಅವಳು ಸಹಿಸುತ್ತಿರಲಿಲ್ಲ. ಮಾತೆತ್ತಿದರೆ ಬೈಯುತ್ತಿದ್ದ ಹಳೆಯ ಸೇನಾನಿಗಳೂ ಈ ಹದಿನೇಳು ವರ್ಷದ ಹುಡುಗಿ ಎದುರು ನಾಲಿಗೆ ಬಿಗಿ ಹಿಡಿದರು!

ಮೇ 4ರಂದು ಒಂದು ಕೋಟೆ, 6ರಂದು ಇನ್ನೊಂದು ಕೋಟೆ ಕೈಗೆ ಬಂತು. ಮೇ 7ರಂದು ತುರೆಲ್ ಕೋಟೆಯ ಮೇಲೆ ಬೆಳಿಗ್ಗೆಯಿಂದ ಯುದ್ಧ. ಗೋಡೆಗೆ ಏಣಿ ಇಡುವಾಗ ಜೋನಳ ಕತ್ತಿಗೂ ಭುಜಕ್ಕೂ ನಡುವೆ ಬಾಣ ನೆಟ್ಟಿತು. ಅವಳು ನೋವಿಗೆ ಅತ್ತಳು. ಮದ್ದು ಹಾಕಿಸಿಕೊಂಡು ಮತ್ತೆ ಬಂದಳು. ಸಂಜೆ ಆಯಿತು, ಸೈನ್ಯ ಹಿಂದೆ ಹೋಗಲಿ ಅಂತ ದ್ಯುನ್ವಾ ಅಂದ. ಸ್ವಲ್ಪ ತಡೆಯಿರಿ ಅಂತ ಜೋನ್ ಕೇಳಿಕೊಂಡಳು. ದ್ರಾಕ್ಷಿ ತೋಟದೊಳಗೆ ಹೋಗಿ ಸ್ವಲ್ಪ ಹೊತ್ತು ಪ್ರಾರ್ಥನೆ ಮಾಡಿ ಬಂದು ಬಾವುಟ ಹಿಡಿದು ಗೋಡೆ ಹತ್ತಿರ ನಿಂತಳು. ಅದನ್ನು ನೋಡಿ ಸುಸ್ತಾಗಿದ್ದ ಸೈನಿಕರು ಒಟ್ಟಿಗೆ ನುಗ್ಗಿದರು. ಕೋಟೆ ಬಿತ್ತು. ಇಂಗ್ಲೆಂಡಿನ ನಾಯಕ ಗ್ಲಾಸ್‌ಡೇಲ್ ಓಡುವಾಗ ಸೇತುವೆ ಮುರಿದು ಕವಚದ ಸಮೇತ ನದಿಗೆ ಬಿದ್ದು ಸತ್ತ. ಅವನು ಜೋನಳನ್ನು ಬಾಯಿಗೆ ಬಂದ ಹಾಗೆ ಬೈದಿದ್ದವನು. ಆದರೂ ಅವನಿಗಾಗಿ ಅವಳು ಅತ್ತಳು.

ಮರುದಿನ ಮೇ 8, ಭಾನುವಾರ. ಇಂಗ್ಲೆಂಡಿನವರು ಸಾಲಾಗಿ ನಿಂತು ಆಮೇಲೆ ಮುತ್ತಿಗೆ ಬಿಟ್ಟು ಹೊರಟರು. ಹೋಗುವವರ ಮೇಲೆ ಬೀಳಬೇಡಿ ಅಂತ ಜೋನ್ ತಡೆದಳು. ಏಳು ತಿಂಗಳ ಮುತ್ತಿಗೆ ಅವಳು ಬಂದ ಹತ್ತು ದಿನದೊಳಗೆ ಮುಗಿಯಿತು.

ಪಟ್ಟಾಭಿಷೇಕ

ಜೂನ್ 18ರಂದು ಪಾತೇ ಎಂಬಲ್ಲಿ ದೊಡ್ಡ ಯುದ್ಧ ಆಯಿತು. ಇಂಗ್ಲೆಂಡಿನ ಬಿಲ್ಲುಗಾರರು ಇನ್ನೂ ಗೂಟ ನೆಡುತ್ತಿದ್ದರು. ಅಷ್ಟರಲ್ಲಿ ಒಂದು ಜಿಂಕೆ ಅವರ ನಡುವೆ ನುಗ್ಗಿತು. ಅವರು ಕೂಗಿಕೊಂಡರು. ಆ ಕೂಗಿನಿಂದ ಫ್ರಾನ್ಸಿನವರಿಗೆ ಅವರು ಇರುವ ಜಾಗ ಗೊತ್ತಾಯಿತು. ಗೂಟ ನೆಡುವ ಮೊದಲೇ ಕುದುರೆ ಸವಾರರು ಮೇಲೆ ಬಿದ್ದರು. ಅಜಿನ್‌ಕೋರ್ಟಿನಲ್ಲಿ ಗೆದ್ದ ಅದೇ ಬಿಲ್ಲುಗಾರರು ಇಲ್ಲಿ ಪೂರಾ ಸೋತರು. ಜೋನ್ ಹಿಂದಿನ ಸಾಲಿನಲ್ಲಿದ್ದಳು. ಅವಳ ಕಡೆಯ ಒಬ್ಬ ಸೈನಿಕ ಒಬ್ಬ ಇಂಗ್ಲಿಷ್ ಕೈದಿಯ ತಲೆಗೆ ಹೊಡೆದದ್ದನ್ನು ಒಮ್ಮೆ ಅವಳು ನೋಡಿದಳು. ಕುದುರೆಯಿಂದ ಇಳಿದು, ಸಾಯುತ್ತಿದ್ದ ಅವನ ತಲೆಯನ್ನು ಹಿಡಿದುಕೊಂಡು ಸಮಾಧಾನ ಹೇಳಿದಳು. ದುಡ್ಡು ಬರದ ಬಡ ಕೈದಿಗೆ ಜೀವದ ಬೆಲೆ ಇಲ್ಲ ಅಂತ ಮೇಲೆ ಬರೆದೆನಲ್ಲ, ಅವಳ ಕಣ್ಣಿಗೆ ಆ ಬೆಲೆ ಕಂಡಿತು.

1429ರ ಜುಲೈ 17ರಂದು ರೀಮ್ಸ್ ನಗರದ ದೊಡ್ಡ ಚರ್ಚಿನಲ್ಲಿ ಚಾರ್ಲ್ಸನಿಗೆ ಪಟ್ಟಾಭಿಷೇಕ ಆಯಿತು. ಅವನು ಏಳನೇ ಚಾರ್ಲ್ಸ್ ರಾಜ ಆದ. ಜೋನ್ ಬಾವುಟ ಹಿಡಿದು ಹತ್ತಿರವೇ ನಿಂತಿದ್ದಳು. ನೀರಿಗೆ ಮುಳುಗಿಸಿ ಅಂದಿದ್ದ ತಂದೆ ಮಗಳನ್ನು ನೋಡಲು ರೀಮ್ಸ್‌ಗೆ ಬಂದಿದ್ದರು. ಅವಳ ಕೋರಿಕೆಯಂತೆ ಅದೇ ತಿಂಗಳ ಕೊನೆಯಲ್ಲಿ ರಾಜ ದೊಮ್ರೆಮಿಗೂ ಪಕ್ಕದ ಗ್ರೂ ಎಂಬ ಹಳ್ಳಿಗೂ ಕಂದಾಯ ಮನ್ನಾ ಮಾಡಿದ. ಊರಿನ ಕಂದಾಯ ಎತ್ತುವವರ ಮಗಳು ಊರಿನ ಕಂದಾಯವನ್ನೇ ತೆಗೆಸಿದಳು!

ಸೆರೆ

ಆಮೇಲೆ ಅವಳ ದೆಸೆ ತಿರುಗಿತು. ಸೆಪ್ಟೆಂಬರ್ 8ರಂದು ಪ್ಯಾರಿಸ್ ಮೇಲೆ ದಾಳಿ ಮಾಡಿದಾಗ ತೊಡೆಗೆ ಬಾಣ ನೆಟ್ಟಿತು. ರಾಜ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡ. 1430ರ ಮೇ 23ರಂದು ಕಾಂಪಿಯೇನ್ ಎಂಬ ಊರಿನ ಹೊರಗೆ ಅವಳು ಬರ್ಗಂಡಿಯವರ ಕೈಗೆ ಸಿಕ್ಕಿಬಿದ್ದಳು. ಹಿಂದಕ್ಕೆ ಓಡುವವರ ರಕ್ಷಣೆಗೆ ಅವಳು ಕೊನೆಯಲ್ಲಿ ಉಳಿದಿದ್ದಳು. ಅಷ್ಟರಲ್ಲಿ ಊರ ಬಾಗಿಲ ಸೇತುವೆಯನ್ನು ಎತ್ತಿಬಿಟ್ಟಿದ್ದರು.

ಒಂದು ಸಲ ಅವಳು ಸೆರೆಯಿದ್ದ ಎತ್ತರದ ಬುರುಜಿನಿಂದಲೇ ಹಾರಿದಳು. ಜೀವ ಉಳಿಯಿತು, ಆದರೆ ಮತ್ತೆ ಹಿಡಿದರು. ಒಬ್ಬ ರಾಜನಿಗೆ 30 ಲಕ್ಷ ನಾಣ್ಯ ಗೊತ್ತುಮಾಡಿದ ದೇಶ ಅದು. ಆದರೆ ತನಗೆ ಪಟ್ಟ ಕಟ್ಟಿಸಿದ ಹುಡುಗಿಯನ್ನು ಚಾರ್ಲ್ಸ್ ದುಡ್ಡು ಕಟ್ಟಿ ಬಿಡಿಸಿಕೊಳ್ಳಲಿಲ್ಲ. ಇಂಗ್ಲೆಂಡಿನವರು 10,000 ಲೀವ್ರ್ ಕೊಟ್ಟು ಅವಳನ್ನು ಕೊಂಡರು. ಆ ದುಡ್ಡನ್ನೂ ತಮ್ಮ ವಶದಲ್ಲಿದ್ದ ನಾರ್ಮಂಡಿ ಸೀಮೆಯ ಜನರ ಮೇಲೆ ತೆರಿಗೆ ಹಾಕಿ ಎತ್ತಿದರು.

ವಿಚಾರಣೆ

ರುವಾನ್ ನಗರದಲ್ಲಿ 1431ರ ಫೆಬ್ರವರಿ 21ರಿಂದ ಅವಳನ್ನು ಸಭೆಯ ಮುಂದೆ ನಿಲ್ಲಿಸಿ ಪ್ರಶ್ನೆ ಮಾಡತೊಡಗಿದರು. ಮುಖ್ಯ ನ್ಯಾಯಾಧೀಶ ಕೋಶೋನ್ ಎಂಬ ಬಿಷಪ್. ಅವನು ಇಂಗ್ಲೆಂಡಿನ ಕಡೆಯವನು. ಒಂದೊಂದು ದಿನ ನಲವತ್ತು ಐವತ್ತು ಜನ ಪಂಡಿತರು ಸುತ್ತ ಕೂರುತ್ತಿದ್ದರು. ಅವಳ ಪರವಾಗಿ ಒಬ್ಬ ವಕೀಲನೂ ಇರಲಿಲ್ಲ. ಧರ್ಮದ ವಿಚಾರಣೆ ಆದ್ದರಿಂದ ಚರ್ಚಿನ ಸೆರೆಮನೆಯಲ್ಲಿ ಇಡಬೇಕಿತ್ತು. ಆದರೆ ಕೋಟೆಯೊಳಗೆ ಸರಪಣಿ ಹಾಕಿ, ಇಂಗ್ಲಿಷ್ ಸೈನಿಕರ ಕಾವಲಿನಲ್ಲಿ ಇಟ್ಟರು.

ಅವಳಿಗೆ ಓದು ಬರದಿದ್ದರೂ ಬುದ್ಧಿ ಚುರುಕಾಗಿತ್ತು. ಒಂದು ದಿನ ಅವಳ ಮೇಲೆ ದೇವರ ಕೃಪೆ ಇದೆಯೋ ಇಲ್ಲವೋ ಅಂತ ಕೇಳಿದರು. ಇದೆ ಅಂದರೆ ಅಹಂಕಾರ, ಇಲ್ಲ ಅಂದರೆ ಪಾಪಿ. ಎರಡು ಕಡೆಯೂ ಗುಂಡಿ. ಇಲ್ಲದಿದ್ದರೆ ದೇವರು ಕೊಡಲಿ, ಇದ್ದರೆ ಹಾಗೇ ಇಟ್ಟಿರಲಿ ಅನ್ನುವ ಅರ್ಥದಲ್ಲಿ ಅವಳು ಉತ್ತರ ಕೊಟ್ಟಳು. ಕೇಳಿದವರು ದಂಗಾದರು. ಕೊನೆಗೆ ಗಂಡಸರ ಉಡುಪು ತೊಟ್ಟದ್ದು, ಚರ್ಚಿನ ಮಾತಿಗಿಂತ ತನ್ನ ಧ್ವನಿಗಳನ್ನು ಹೆಚ್ಚು ನಂಬಿದ್ದು, ಇಂಥ 12 ತಪ್ಪುಗಳನ್ನು ಪಟ್ಟಿ ಮಾಡಿದರು.

ಮೇ 24ರಂದು ಒಂದು ಸ್ಮಶಾನಕ್ಕೆ ಕರೆತಂದು ಜನರ ಮುಂದೆ ನಿಲ್ಲಿಸಿದರು. ಒಪ್ಪದಿದ್ದರೆ ಬೆಂಕಿಗೆ ಹಾಕುತ್ತೇವೆ ಅಂತ ಹೆದರಿಸಿದರು. ಒಂದು ಕಾಗದ ಓದಿದರು, ಅವಳಿಂದ ಗುರುತು ಹಾಕಿಸಿಕೊಂಡರು. ಅಂದು ಓದಿದ್ದು ಏಳೆಂಟು ಸಾಲಿನ ಚಿಕ್ಕ ಕಾಗದ ಅಂತ ನೋಡಿದವರು ಆಮೇಲೆ ಸಾಕ್ಷಿ ಹೇಳಿದರು. ದಾಖಲೆಯಲ್ಲಿ ಇರುವುದು ಮಾತ್ರ ಬಹಳ ಉದ್ದದ ಕಾಗದ.

ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಯಾಕಂದ್ರೆ ನಮ್ಮಜ್ಜಿ ಹಿಂದೆ ಒಬ್ಬರ ಹತ್ತಿರ ಸಾಲ ತಂದಾಗ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಸಾಲದ ಕಾಗದ ಅಂತಲೇ ಅವರಿಗೆ ಓದಿ ಹೇಳಿದ್ದು. ಆಮೇಲೆ ನೋಡಿದರೆ ಕೆರೆ ಕೆಳಗಿನ ತುಂಡು ಹೊಲ ಕೈಬಿಟ್ಟು ಹೋಗಿತ್ತು. ಓದು ಬರದವರ ಕೈ ಹಿಡಿದು ಗುರುತು ಹಾಕಿಸುವುದು ಆರುನೂರು ವರ್ಷದ ಹಿಂದೆಯೂ ಇತ್ತು ಅಂತ ನನಗೆ ಗೊತ್ತಾಯಿತು.

ಜೋನ್ ಸೈನ್ಯದಲ್ಲಿದ್ದಾಗ ತನ್ನ ಹೆಸರು ಬರೆಯುವುದನ್ನು ಕಲಿತಿದ್ದಳು. ಅವಳ ಸಹಿ ಇರುವ ಕಾಗದಗಳು ಇಂದಿಗೂ ಉಳಿದಿವೆ. ಅಕ್ಷರ ಅಕ್ಷರ ಬಿಡಿಸಿ ಬರೆದ ಸಹಿ. ಆದರೆ ಹೆಸರು ಬರೆಯಲು ಬಂದರೆ ಸಾಲದು. ಎದುರಿಗಿರುವ ಕಾಗದ ಓದಲು ಬರಬೇಕು.

ಕೊನೆಯ ದಿನ

ಗುರುತು ಹಾಕಿದ ಮೇಲೂ ಅವಳನ್ನು ಚರ್ಚಿನ ಸೆರೆಗೆ ಕಳಿಸಲಿಲ್ಲ. ಅದೇ ಸರಪಣಿ, ಅದೇ ಸೈನಿಕರು. ನಾಲ್ಕು ದಿನದಲ್ಲಿ ಅವಳು ಮತ್ತೆ ಗಂಡಸರ ಉಡುಪು ತೊಟ್ಟಳು. ಗಂಡಸರ ನಡುವೆ ಇರುವಾಗ ಅದೇ ಸರಿ, ಕೊಟ್ಟ ಮಾತನ್ನೂ ನೀವು ನಡೆಸಲಿಲ್ಲ ಅಂತ ಹೇಳಿದಳು. ತನ್ನ ಧ್ವನಿಗಳು ನಿಜ, ಬೆಂಕಿಯ ಹೆದರಿಕೆಗೆ ಹಾಗೆ ಹೇಳಿಬಿಟ್ಟೆ ಅಂತಲೂ ಹೇಳಿದಳು. ಅಷ್ಟೇ ಸಾಕಾಯಿತು.

1431ರ ಮೇ 30ರಂದು ರುವಾನ್ ನಗರದ ಹಳೆ ಸಂತೆ ಮೈದಾನದಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಅವಳು ಒಂದು ಶಿಲುಬೆ ಕೇಳಿದಳು. ಒಬ್ಬ ಇಂಗ್ಲಿಷ್ ಸೈನಿಕ ಕಡ್ಡಿ ಮುರಿದು ಪುಟ್ಟ ಶಿಲುಬೆ ಮಾಡಿ ಕೊಟ್ಟ. ಅದನ್ನು ಅವಳು ಎದೆಗೆ ಇಟ್ಟುಕೊಂಡಳು. ಬೂದಿಯನ್ನೂ ಯಾರಿಗೂ ಸಿಗದ ಹಾಗೆ ಸೀನ್ ನದಿಗೆ ಎಸೆದರು. ಅಲ್ಲಿ ನಿಂತಿದ್ದ ಶತ್ರುಗಳಲ್ಲೂ ಹಲವರು ಅತ್ತರಂತೆ.

ತಾಯಿ ಬಿಡಲಿಲ್ಲ

ಕಥೆ ಇಲ್ಲಿಗೆ ಮುಗಿಯಲಿಲ್ಲ. 1435ರಲ್ಲಿ ಬರ್ಗಂಡಿ ದೊರೆ ಚಾರ್ಲ್ಸನ ಜೊತೆ ರಾಜಿ ಮಾಡಿಕೊಂಡ. 1436ರಲ್ಲಿ ಪ್ಯಾರಿಸ್ ಸಿಕ್ಕಿತು. 1445ರಲ್ಲಿ ಚಾರ್ಲ್ಸ್ ಸಂಬಳ ಕೊಟ್ಟು ಸಾಕುವ ಕಾಯಂ ಸೈನ್ಯ ಕಟ್ಟಿದ. 1449ರಲ್ಲಿ ರುವಾನ್ ಸಿಕ್ಕಿತು. 1453ರ ಜುಲೈ 17ರಂದು ಕಾಸ್ಟಿಯೋನ್ ಎಂಬಲ್ಲಿ ಫ್ರಾನ್ಸಿನ ಫಿರಂಗಿಗಳು ಇಂಗ್ಲೆಂಡಿನ ಸೈನ್ಯವನ್ನು ಸೋಲಿಸಿದವು. ಯುದ್ಧ ಮುಗಿಯಿತು. ಜೋನಳ ಮೇಲಿನ ಕಳಂಕ ತನಗೂ ಕಳಂಕ ಅಂತ ರಾಜನಿಗೆ ತಿಳಿದು 1450ರಲ್ಲಿ ಒಂದು ತನಿಖೆ ಮಾಡಿಸಿದ.

ಆದರೆ ಕೊನೆತನಕ ನಿಂತವಳು ತಾಯಿ ಇಸಬೆಲ್. 1455ರ ನವೆಂಬರಿನಲ್ಲಿ ಆ ಮುದುಕಿ ಪ್ಯಾರಿಸಿನ ನೋತ್ರ್‌ದಾಮ್ ಚರ್ಚಿಗೆ ಬಂದು, ದೊಡ್ಡ ದೊಡ್ಡ ಧರ್ಮಾಧಿಕಾರಿಗಳ ಮುಂದೆ ಮಗಳಿಗೆ ನ್ಯಾಯ ಬೇಕು ಅಂತ ಕೇಳಿಕೊಂಡಳು. ಮತ್ತೆ ವಿಚಾರಣೆ ಆಯಿತು. ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ಯೋಧರು ಹೇಳಿದರು, ಪಾದ್ರಿಗಳು ಹೇಳಿದರು. ದೊಮ್ರೆಮಿಯ ರೈತರೂ ಹೇಳಿದರು. ಗಂಟೆ ಹೊಡೆಯುವವನು ತನ್ನನ್ನು ಗದರಿಸಿದ್ದನ್ನು ಹೇಳಿದ. ಓವಿಯೆಟ್ ತಾನು ಅತ್ತದ್ದನ್ನು ಹೇಳಿದಳು. ಆಗ ಅವಳಿಗೆ ಸುಮಾರು ನಲವತ್ತೈದು ವರ್ಷ. 1456ರ ಜುಲೈ 7ರಂದು ರುವಾನಿನಲ್ಲಿಯೇ ಹಳೆಯ ತೀರ್ಪು ಮೋಸದ್ದು, ಅದು ಲೆಕ್ಕಕ್ಕಿಲ್ಲ ಅಂತ ಸಾರಿದರು. 1920ರ ಮೇ 16ರಂದು ಚರ್ಚು ಜೋನಳನ್ನು ಸಂತಳು ಅಂತ ಘೋಷಿಸಿತು.

ಗೆಳೆಯರೇ, ಜೋನಳನ್ನು ಕೊಲ್ಲಬೇಕು ಅಂತಲೇ ಅವರು ಪ್ರತಿ ಪ್ರಶ್ನೆ, ಪ್ರತಿ ಉತ್ತರ ಬರೆದಿಟ್ಟರು. ಆ ಬರಹದಿಂದಲೇ ಅವಳು ಎಂಥವಳು ಅಂತ ಇಂದು ನಮಗೆ ತಿಳಿಯುತ್ತದೆ. ಅವಳ ಕೈಗೆ ಕತ್ತಿ, ಕವಚ, ಕುದುರೆ ಎಲ್ಲವೂ ಸಿಕ್ಕಿತು. ಸಿಗದೇ ಹೋದದ್ದು ಒಂದೇ, ಅದು ಓದು. ಅದು ನಮಗೆ ಈ ಶಾಲೆಯಲ್ಲಿ ಸಿಗುತ್ತಿದೆ. ಅವಳ ಧೈರ್ಯದಲ್ಲಿ ಒಂದು ಪಾಲು ನಮಗೆ ಬಂದರೂ ಸಾಕು. ಯಾರಾದರೂ ಕಾಗದ ಹಿಡಿದು ಬಂದು ಸಹಿ ಹಾಕು ಅಂದರೆ, ಮೊದಲು ಓದುತ್ತೇನೆ ಅಂತ ಹೇಳೋಣ. ಓದು ಬಿಟ್ಟು ಮನೆಯಲ್ಲಿ ಕೂತಿರುವ ಹುಡುಗಿಯರು ನಮ್ಮ ಬೀದಿಯಲ್ಲೂ ಇದ್ದಾರೆ. ಅವರಿಗೂ ಈ ಕಥೆ ಓದಿ ಹೇಳಿ, ಆಗುವುದಾದರೆ ಅವರ ಕೈಯಲ್ಲೇ ಓದಿಸಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ